ಎರಡು ಹಾರ್ನ್

ಇಪ್ಪತ್ತೇಳು ವರ್ಷ ನಾನು ಒಂದೇ ದಾರಿಯಲ್ಲಿ ಪ್ರವಾಸಿ ಬಸ್ಸು ಓಡಿಸಿದೆ. ಬೆಳಿಗ್ಗೆ ಗುಹೆ, ಹನ್ನೊಂದಕ್ಕೆ ಕೋಟೆ, ಊಟವಾದ ಮೇಲೆ ಬಾಟಲಿ ಮನೆ, ಮೂರೂವರೆಗೆ ಜಲಪಾತ, ಕತ್ತಲಾಗುವುದರೊಳಗೆ ವಾಪಸ್. ವಾರಕ್ಕೆ ಐದು ದಿನ. ಒಟ್ಟು ಆರು ಸಾವಿರ ಸಲಕ್ಕೆ ಕಡಿಮೆಯಿಲ್ಲ. ಅಷ್ಟು ಸಲ ಹೋದವನು ಆ ನಾಲ್ಕರಲ್ಲಿ ಒಂದನ್ನಾದರೂ ಗಾಡಿ ಇಳಿದು ಹೋಗಿ ನೋಡಿದ್ದೇನೆಯೇ ಎಂದರೆ, ಇಲ್ಲ.

ನಗಬೇಡಿ. ಯಾವ ಟೂರ್ ಬಸ್ಸಿನ ಡ್ರೈವರನ್ನು ಬೇಕಾದರೂ ಕೇಳಿ. ಜನ ಬ್ಯಾಗು, ಕೊಡೆ, ಸ್ವೆಟರು ಎಲ್ಲ ಸೀಟಿನ ಮೇಲೆ ಬಿಸಾಕಿ ಕುಣಿದುಕೊಂಡು ಹೋಗುತ್ತಾರೆ. ಒಂದು ಕಳೆದರೂ ಡ್ರೈವರ್ ತಲೆಗೆ. ಹಾಗಾಗಿ ಡ್ರೈವರ್ ಗಾಡಿ ಬಿಟ್ಟು ಕದಲುವಂತಿಲ್ಲ. ನನಗೆ ಗೊತ್ತಿರುವುದು ಪಾರ್ಕಿಂಗ್ ಜಾಗಗಳು. ಗುಹೆಯ ಹತ್ತಿರ ನೆರಳು ಎಷ್ಟು ಹೊತ್ತಿಗೆ ಯಾವ ಗೋಡೆಗೆ ಸರಿಯುತ್ತದೆ, ಕೋಟೆಯ ಮುಂದಿನ ಮೂರು ನಲ್ಲಿಗಳಲ್ಲಿ ಯಾವುದರಲ್ಲಿ ನೀರು ಬರುತ್ತದೆ, ಇದನ್ನೆಲ್ಲ ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತೇನೆ.

ಹೊರಡುವ ಹೊತ್ತಾಯಿತೆಂದರೆ ಎರಡು ಸಲ ಹಾರ್ನ್ ಹೊಡೆಯುತ್ತಿದ್ದೆ. ಅದು ನನ್ನ ಕಾನೂನು. ಹಾರ್ನ್ ಆದ ಹತ್ತು ನಿಮಿಷಕ್ಕೆ ಬಸ್ಸಿನಲ್ಲಿ ಇರಬೇಕು. ಬೇರೆ ಕಡೆ ಬರುತ್ತಿದ್ದರು, ಜಲಪಾತದಲ್ಲಿ ಮಾತ್ರ ಒಂದು ದಿನವೂ ಸರಿಯಾಗಿ ಬಂದವರಲ್ಲ. "ಹಾರ್ನ್ ಕೇಳಿಸಲೇ ಇಲ್ಲ ಡ್ರೈವರ್ ಸಾಹೇಬ್ರೆ" ಎಂದು ಹಲ್ಲು ಕಿರಿಯುತ್ತಿದ್ದರು. "ಕಿವೀಲಿ ಹತ್ತಿ ಇಟ್ಕೊಂಡು ಹೋಗಿದ್ರಾ?" ಎಂದು ನಾನು ರೇಗುತ್ತಿದ್ದೆ. ಇಪ್ಪತ್ತೇಳು ವರ್ಷ ಅದೇ ನೆಪ. ಒಬ್ಬರಿಗೊಬ್ಬರು ಹೇಳಿಕೊಟ್ಟ ಸುಳ್ಳೆಂದೇ ತಿಳಿದಿದ್ದೆ. ಸುಳ್ಳು ಹೇಳುವವನಿಗೆ ಎಲ್ಲರೂ ಸುಳ್ಳರೇ ಕಾಣುತ್ತಾರೇನೋ, ಯಾಕೆಂದರೆ ಮನೆಯಲ್ಲಿ ನಾನು ಮಾಡುತ್ತಿದ್ದದ್ದೂ ಅದೇ ಕೆಲಸ.

ಅಮ್ಮ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಏಳಲೇ ಇಲ್ಲ, ಹನ್ನೊಂದು ವರ್ಷ. ನೋಡಿಕೊಂಡವಳು ನನ್ನ ಹೆಂಡತಿ. ಅವಳು ದರ್ಜಿ. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ಹೊಲಿಗೆ ಮೆಷಿನ್ನನ್ನು ಮುಂದಿನ ಕೋಣೆಯಲ್ಲಿ, ಅಮ್ಮನ ಮಂಚ ಕಾಣುವ ಹಾಗೆ ಬಾಗಿಲಿಗೆ ಎದುರಾಗಿ ಹಾಕಿಕೊಂಡಿದ್ದಳು. ಹೊಲಿಗೆ, ಅಮ್ಮ, ಅಡುಗೆ, ಮತ್ತೆ ಹೊಲಿಗೆ. ಆ ಹನ್ನೊಂದು ವರ್ಷ ಅವಳು ಪೇಟೆಯ ಬಟ್ಟೆ ಅಂಗಡಿ ದಾಟಿ ಆಚೆ ಹೋದದ್ದನ್ನು ನಾನು ಕಾಣೆ.

ಸಂಜೆ ನಾನು ಬಂದು ಚಪ್ಪಲಿ ಬಿಡುವುದರೊಳಗೆ ಅಮ್ಮ ಕೇಳುತ್ತಿದ್ದಳು: "ಇವತ್ತು ಏನು ನೋಡಿದ್ಯೋ?"

ಮೊದಲ ದಿನ ನಿಜ ಹೇಳಿದೆ. "ಏನಿದೆ ನೋಡಕ್ಕೆ? ಪಾರ್ಕಿಂಗು." ಅಮ್ಮನ ಮುಖ ಸಪ್ಪಗಾಯಿತು. ಗೋಡೆ ಕಡೆ ತಿರುಗಿಕೊಂಡಳು. ಮಾರನೆಯ ದಿನ, ವಾಪಸ್ ಬರುವಾಗ ಹಿಂದಿನ ಸೀಟಿನವರು ಮಾತಾಡಿಕೊಂಡದ್ದನ್ನೇ ನಾನು ನೋಡಿದ ಹಾಗೆ ಹೇಳಿದೆ. ಗುಹೆಯಲ್ಲಿ ಹದಿನಾರು ಕಂಬ, ಎಲ್ಲ ಒಂದೇ ಬಂಡೆಯಲ್ಲಿ ಕಡೆದದ್ದು, ಮೇಲೆ ಬಾವಲಿಗಳು. ಅಮ್ಮ ಬಾಯಿ ತೆರೆದುಕೊಂಡು ಕೇಳಿದಳು. ಮುಂದಿನ ಕೋಣೆಯಲ್ಲಿ ಮೆಷಿನ್ ನಿಂತಿತು.

"ಕಂಬ ಎಷ್ಟು ದಪ್ಪ ಇದ್ವು?" ಎಂದು ಕೇಳಿದಳು ಹೆಂಡತಿ. ದರ್ಜಿ ನೋಡಿ, ಅಳತೆ ಇಲ್ಲದೆ ಯಾವುದೂ ಅವಳ ತಲೆಗೆ ಹೋಗುವುದಿಲ್ಲ.

"ನಾಲ್ಕಡಿ" ಎಂದೆ. ಅಲ್ಲಿಂದ ಶುರುವಾಯಿತು.

ಮೂರು ಜಾಗಗಳ ವಿಷಯದಲ್ಲಿ ನಾನು ಜನ ಹೇಳಿದ್ದನ್ನೇ ಹೇಳಿದೆ, ಸ್ವಲ್ಪ ಉಪ್ಪು ಖಾರ ಹಚ್ಚಿದೆ ಅಷ್ಟೇ. ನಾಲ್ಕನೆಯದು ಜಲಪಾತ. ಅದರಲ್ಲಿ ಒಂದು ಮಾತು ಇಡಿಯಾಗಿ ನನ್ನ ತಲೆಯಿಂದ ಬಂದದ್ದು. ಅವತ್ತು ನಾನು ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕೂತು ಅಳುತ್ತಿದ್ದಳು. ಪಕ್ಕದಲ್ಲಿ ಒಡೆದ ತಟ್ಟೆ. ಅಮ್ಮ ಬೆಳಗಿನಿಂದ ಮೂರು ಸಲ ಹಾಸಿಗೆ ಕೆಡಿಸಿದ್ದಳು, ನಲವತ್ತು ಅಂಗಿ ಮಾರನೆಯ ದಿನ ಕೊಡಬೇಕಿತ್ತು. ಪಕ್ಕದಲ್ಲಿ ಕೂತು ಬಾಯಿಗೆ ಬಂದದ್ದನ್ನು ಹೇಳಿದೆ. ಜಲಪಾತದಲ್ಲಿ ನೀರಿನ ಹಿಂದೆ ಬಂಡೆಯಲ್ಲಿ ಒಂದು ಜಾಗ ಇದೆ, ಇಬ್ಬರು ನಿಲ್ಲಬಹುದು, ಮುಂದೆ ನೀರು ಪರದೆಯ ಹಾಗೆ ಬೀಳುತ್ತಿರುತ್ತದೆ, ಒಳಗೆ ಒಂದು ಚೂರೂ ಸದ್ದಿಲ್ಲ, ಇವತ್ತು ಅಲ್ಲಿ ನಿಂತಿದ್ದೆ, ನೀನಿದ್ದಿದ್ದರೆ ಅನ್ನಿಸಿತು ಎಂದೆ.

ಅವಳು ಮೂಗು ಒರೆಸಿಕೊಂಡು, "ಎಷ್ಟು ಅಗಲ?" ಎಂದಳು.

"ಆರಡಿ" ಎಂದೆ.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಈ ವರ್ಷ ನಾನು ನಿವೃತ್ತನಾದೆ. ಕೊನೆಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದರೆ ಇವಳು ಹೇಳಿದ ಮೊದಲ ಮಾತು: "ಇನ್ನು ನನಗೆ ಆ ನಾಲ್ಕೂ ಜಾಗ ತೋರಿಸಿ." ಬಿಸಿಲು ಅಂದೆ, ಜನಜಂಗುಳಿ ಅಂದೆ, ಮಂಡಿನೋವು ಅಂದೆ. ಒಂದೂ ನಡೆಯಲಿಲ್ಲ. ಅವಳೇ ನನ್ನ ತಮ್ಮನಿಗೆ ಫೋನ್ ಮಾಡಿ ಅವನ ಕಾರು ಕೇಳಿ ತರಿಸಿಬಿಟ್ಟಳು. ಹೊರಡುವ ದಿನ ಕೈಚೀಲದಲ್ಲಿ ನೀರು, ಬ್ರೆಡ್ಡು, ಬಾಳೆಹಣ್ಣು, ಟವೆಲು, ಜೊತೆಗೆ ಅವಳ ಅಳತೆ ಟೇಪು.

"ಅದ್ಯಾಕೆ?" ಎಂದೆ.

"ನೋಡೋಣ ಅಂತ" ಎಂದಳು. ನನಗೆ ಆಗಲೇ ಬೆವರು ಕಿತ್ತುಬಂತು.

ಗುಹೆಯಲ್ಲಿ ಹೇಗೋ ಬಚಾವಾದೆ. ಒಳಗೆ ಹೋಗುವಾಗ ಹೊರಬರುವ ಬಾಗಿಲಿಗೆ ನುಗ್ಗಿ ಕಾವಲಿನವನಿಂದ ಬೈಸಿಕೊಂಡೆ, ಅಷ್ಟೇ. "ಬಾಗಿಲು ಬದಲಾಯಿಸಿದ್ದಾರೆ, ಹಾಳಾದವರು" ಎಂದು ಗೊಣಗಿದೆ. ಕಂಬ ಹದಿನಾರೇ ಇದ್ದವು, ಪುಣ್ಯ. ಅವಳು ಒಂದಕ್ಕೆ ಟೇಪು ಸುತ್ತಿ, ಮನಸ್ಸಿನಲ್ಲೇ ಏನೋ ಗುಣಿಸಿ, "ಎರಡೂವರೆ ಅಡಿ ದಪ್ಪ. ನೀವು ನಾಲ್ಕು ಅಂದಿದ್ರಿ" ಎಂದಳು. "ಕಣ್ಣಳತೆ ಕಣೆ" ಎಂದೆ. ಅವಳು ಖುಷಿಯಾಗಿಯೇ ಇದ್ದಳು. ಕತ್ತೆತ್ತಿ ಬಾವಲಿ ಹುಡುಕಿದಳು, ಕಂಡಾಗ ನನ್ನ ತೋಳು ಹಿಡಿದು ತೋರಿಸಿದಳು. ನಾನು ಗುಹೆಯನ್ನು ನೋಡಲೇ ಇಲ್ಲ. ಅವಳ ಮುಖವನ್ನೇ ನೋಡುತ್ತಿದ್ದೆ, ಎಲ್ಲಿ ಅನುಮಾನ ಬಂದೀತೋ ಎಂದು.

ಕೋಟೆಯಲ್ಲಿ ಬಣ್ಣ ಬಯಲಾಯಿತು. ಪಾರ್ಕಿಂಗಿನಲ್ಲಿ ಚೀಟಿ ಹರಿಯುವವನು ನನಗಿಂತ ಎರಡು ವರ್ಷ ಹಳಬ. ನಮ್ಮನ್ನು ಕಂಡವನೇ ಕುರ್ಚಿಯಿಂದ ಎದ್ದು ಬಂದ.

"ಓಹೋಹೋ, ಡ್ರೈವರಣ್ಣ! ಬಸ್ಸು ಸಣ್ಣದಾಯ್ತಲ್ಲ?" ಎಂದ. ಅಭ್ಯಾಸಬಲದಿಂದ ನಾನು ಆ ಪುಟ್ಟ ಕಾರನ್ನು ಬಸ್ಸಿನ ಜಾಗದಲ್ಲೇ, ಮೂತಿ ರಸ್ತೆ ಕಡೆಗೆ ಮಾಡಿ ನಿಲ್ಲಿಸಿದ್ದೆ. ಆಮೇಲೆ ಅವನು ನನ್ನ ಹೆಂಡತಿಯ ಕಡೆ ತಿರುಗಿ, "ಅಕ್ಕಾ, ನೀವಾದ್ರೂ ಕರ್ಕೊಂಡು ಬಂದ್ರಲ್ಲ. ಇಪ್ಪತ್ತೇಳು ವರ್ಷ ಹೇಳಿದೀನಿ, ಗಾಡಿ ನಾನು ನೋಡ್ಕೋತೀನಿ, ಒಂದ್ಸಲ ಒಳಗೆ ಹೋಗಿ ಬನ್ನಿ ಅಂತ. ಪುಣ್ಯಾತ್ಮ ಆ ಬಾಗಿಲು ದಾಟಿದ್ರೆ ಕೇಳಿ! ಇಲ್ಲೊಂದೇ ಅಲ್ಲ, ಎಲ್ಲೂ ಇಳಿಯಲ್ವಂತೆ" ಎಂದ.

ಒಳ್ಳೆಯ ಮನುಷ್ಯ, ಆದರೆ ಆ ಹೊತ್ತಿಗೆ ಅವನ ನಾಲಿಗೆ ಸೀಳಬೇಕು ಅನ್ನಿಸಿತು. ಹೆಂಡತಿ ಅವನನ್ನು ನೋಡಿ ನಕ್ಕಳು. ನನ್ನನ್ನು ನೋಡಲಿಲ್ಲ. ಕೈಯಲ್ಲಿದ್ದ ಟೇಪನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಕೋಟೆಯ ಬಾಗಿಲ ಕಡೆ ನಡೆದಳು. ನಾನು ಹತ್ತು ಹೆಜ್ಜೆ ಹಿಂದೆ. ಒಳಗೆ ಒಂದು ಗಂಟೆ ಸುತ್ತಿದಳು. ಗೋಡೆಯ ದಪ್ಪ ಕೇಳಲಿಲ್ಲ, ಬಾಗಿಲಿನ ಎತ್ತರ ಕೇಳಲಿಲ್ಲ. ನಾನಾಗಿಯೇ, "ಇಲ್ಲಿ ಫಿರಂಗಿ ಇತ್ತಂತೆ" ಎಂದರೆ, "ಯಾರು ಹೇಳಿದ್ರು?" ಎಂದಳು.

ಬಾಟಲಿ ಮನೆ ಹೆದ್ದಾರಿಯ ಬದಿಯಲ್ಲೇ ಇದೆ. ಯಾರೋ ತಲೆಕೆಟ್ಟ ಗಾರೆ ಕೆಲಸದವನು ಖಾಲಿ ಬಾಟಲಿಗಳನ್ನು ಇಟ್ಟಿಗೆಯ ಹಾಗೆ ಜೋಡಿಸಿ ಕಟ್ಟಿದ ಎರಡು ಕೋಣೆ. ಒಳಗೆ ಬಿಸಿಲು ಹಸಿರಾಗಿ, ಕಂದುಬಣ್ಣವಾಗಿ ನೆಲದ ಮೇಲೆ ಬಿದ್ದಿತ್ತು. ಬೇರೆ ಯಾರೂ ಇರಲಿಲ್ಲ. ಅವಳು ನಡುವೆ ನಿಂತು ಕೇಳಿದಳು.

"ಗುಹೆ?"

"ಜನ ಹೇಳಿದ್ದು" ಎಂದೆ.

"ಕೋಟೆ?"

"ಅದೂ."

"ಈ ಮನೆ?"

"ರಸ್ತೆಯಿಂದ ಕಾಣುತ್ತಲ್ಲ. ಹೊರಗಿನದು ನಾನೇ ನೋಡಿದ್ದು."

ಅವಳು ನಗಲಿಲ್ಲ. "ರೀ, ಒಂದು ಮಾತು ಹೇಳ್ತೀನಿ, ಕೇಳಿಸ್ಕೊಳ್ಳಿ. ಅತ್ತೆ ಹಾಸಿಗೆ ಒಗೆಯುವಾಗೆಲ್ಲ ನಾನು ಎಲ್ಲಿರ್ತಿದ್ದೆ ಗೊತ್ತಾ? ಆ ನೀರಿನ ಹಿಂದೆ. ಕಣ್ಣು ಮುಚ್ಚಿ ಅಲ್ಲಿ ಹೋಗಿ ನಿಂತ್ಕೋತಿದ್ದೆ. ಆರಡಿ ಅಗಲ, ಪಕ್ಕದಲ್ಲಿ ನೀವು, ಸದ್ದಿಲ್ಲ. ಹಾಗೆ ಅಷ್ಟೂ ವರ್ಷ ತಳ್ಳಿದೆ. ಕಂಬ ನಾಲ್ಕಡಿ ಇಲ್ಲದಿದ್ರೆ ಹಾಳಾಗಿ ಹೋಗ್ಲಿ. ಆ ಜಾಗವೂ ಸುಳ್ಳು ಅಂದ್ರೆ ನನಗೆ ನಿಮ್ಮ ಜೊತೆ ಇರಕ್ಕೆ ಆಗಲ್ಲ. ತಂಗಿ ಕರೀತಾನೇ ಇದಾಳೆ, ಅಲ್ಲಿಗೆ ಹೋಗಿ ಇರ್ತೀನಿ. ಸಿಟ್ಟಿಂದ ಹೇಳ್ತಿಲ್ಲ. ಈಗ ಹೇಳಿ. ಅದು ನಿಜಾನಾ?"

ಇವಳು ಸಿಟ್ಟಿನಲ್ಲಿ ಕೂಗಾಡಿದರೆ ನನಗೆ ಹೆದರಿಕೆಯಿಲ್ಲ. ಹೀಗೆ ತಣ್ಣಗೆ ಹೇಳಿದಳೆಂದರೆ ಮಾಡಿಯೇ ತೀರುತ್ತಾಳೆ.

"ಅದು ನಿಜ" ಎಂದೆ. "ಅದೊಂದೇ ಸಲ ಇಳಿದಿದ್ದೆ."

ಯಾವ ಬುದ್ಧಿಗೇಡಿಯಾದರೂ ಇಂಥದ್ದನ್ನು ಹೇಳಿಯಾನೇ? ಒಂದು ಗಂಟೆಯಲ್ಲಿ ಅವಳು ಅಲ್ಲೇ ನಿಂತು ನೋಡುತ್ತಾಳೆ ಎಂದು ಗೊತ್ತಿದ್ದೂ ಹೇಳಿದೆ. ಬೆಟ್ಟದ ತಿರುವುಗಳಲ್ಲಿ ಪೂರಾ ನನ್ನನ್ನೇ ಬೈದುಕೊಂಡು ಗಾಡಿ ಓಡಿಸಿದೆ. ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು, ಕೈ ಎರಡೂ ಚೀಲದ ಮೇಲೆ.

ಜಲಪಾತದ ಪಾರ್ಕಿಂಗ್ ಮೇಲಿದೆ. ನೀರು ಅಲ್ಲಿಂದ ಕಾಣುವುದಿಲ್ಲ. ಗುಯ್ ಎನ್ನುವ ಸದ್ದು ಮಾತ್ರ ಕೇಳುತ್ತದೆ. ಮೆಟ್ಟಿಲು ಇಳಿದು ಹೋಗಬೇಕು.

"ಮಂಡಿ ಹಿಡ್ಕೊಂಡಿದೆ" ಎಂದೆ. "ನೀನು ಹೋಗಿ ಬಾ. ಗಾಡಿ ನಾನು ನೋಡ್ಕೋತೀನಿ."

"ಸರಿ" ಎಂದು ಹೋದಳು.

ಕಾಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೆ ಅವತ್ತು ಕಾದ ಹಾಗೆ ಯಾವತ್ತೂ ಕಾದಿಲ್ಲ. ನಾಲ್ಕೂ ಟೈರು ಒದ್ದು ನೋಡಿದೆ. ಗಾಜು ಒರೆಸಿದೆ, ಮತ್ತೆ ಒರೆಸಿದೆ. ತಂಗಿಯ ಮನೆಯಲ್ಲಿ ಅವಳು ಮೆಷಿನ್ ಎಲ್ಲಿ ಹಾಕಿಕೊಳ್ಳಬಹುದು ಎಂದು ಯೋಚನೆ ಬಂತು. ನಮ್ಮ ಮುಂದಿನ ಕೋಣೆಯಲ್ಲಿ ಮೆಷಿನ್ನಿನ ನಾಲ್ಕು ಕಾಲು ನೆಲದಲ್ಲಿ ಗುಳಿ ಮಾಡಿವೆ. ಆ ಗುಳಿ ಅಲ್ಲೇ ಇರುತ್ತದೆ, ಮೆಷಿನ್ ಇರುವುದಿಲ್ಲ. ಅಳು ಬಂತು, ಸುಳ್ಳೇಕೆ ಹೇಳಲಿ. ಒಂದು ಗಂಟೆ ದಾಟಿತು. ಏನು ಮಾಡಬೇಕೆಂದು ತೋಚದೆ ಹಾರ್ನ್ ಹೊಡೆದೆ, ಎರಡು ಸಲ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಎರಡು ಸಲ.

ಅವಳು ಬಂದಾಗ ತಲೆಯಿಂದ ಕಾಲಿನವರೆಗೆ ಒದ್ದೆ. ಅಷ್ಟು ದುಗುಡದಲ್ಲೂ ನನ್ನ ಬಾಯಿಂದ ಬಂದದ್ದು ಹಳೆಯ ಮಾತೇ. "ಹಾರ್ನ್ ಕೇಳಿಸಲಿಲ್ವಾ?"

ಅವಳು ಕೂದಲು ಹಿಂಡಿಕೊಂಡು, "ಇದೆ" ಎಂದಳು.

"ಏನು?"

"ಆ ಜಾಗ. ನೀವು ಹೇಳಿದ ಹಾಗೇ ಇದೆ. ಅಲ್ಲಿ ನಿಂತ್ರೆ ಒಂದು ಚೂರೂ ಸದ್ದಿಲ್ಲ. ನೀವಿದ್ದಿದ್ರೆ ಅನ್ನಿಸ್ತು."

ನಾನು ಬೆಪ್ಪಾಗಿ ನಿಂತೆ. ಸಂತೋಷವಾಗಬೇಕಿತ್ತು. ಆಗಲಿಲ್ಲ. ನಾನು ಹುಟ್ಟಿಸಿದ ಜಾಗ ಅಲ್ಲಿ ಹೇಗೆ ಬಂತು? ಅಡುಗೆಮನೆಯ ನೆಲದ ಮೇಲೆ, ಒಡೆದ ತಟ್ಟೆ ನೋಡುತ್ತ ಹೇಳಿದ ಮಾತು ಅದು. ಅವಳು ಡ್ರೈವರ್ ಸೀಟಿನ ಬಾಗಿಲು ತೆರೆದು ಒಳಗೆ ಕೂತಳು.

"ಇನ್ನೊಂದ್ಸಲ ನೋಡ್ಕೊಂಡು ಬನ್ನಿ. ಗಾಡಿ ನಾನು ನೋಡ್ಕೋತೀನಿ."

"ಮಂಡಿ..."

"ಇಪ್ಪತ್ತೇಳು ವರ್ಷ ಕ್ಲಚ್ ಒತ್ತಿದ ಕಾಲು, ನಾಲ್ಕು ಮೆಟ್ಟಿಲು ಇಳಿಯಲ್ವಾ? ಹೋಗ್ರೀ."

ಇಳಿದೆ. ನಾಲ್ಕಲ್ಲ, ನಾನೂರ ಹನ್ನೆರಡು. ಎಣಿಸುತ್ತ ಇಳಿದೆ. ಪ್ರಯಾಣಿಕರ ತಲೆ ಎಣಿಸಿ ಎಣಿಸಿ ಬಂದ ಚಟ. ಇನ್ನೂರು ದಾಟುತ್ತಲೇ ಸದ್ದು ಜೋರಾಯಿತು, ಮುನ್ನೂರಕ್ಕೆ ಬಟ್ಟೆ ತೇವವಾಯಿತು. ಕೊನೆಯ ತಿರುವಿನಲ್ಲಿ ನೀರು ಎದುರಿಗೇ ನಿಂತಿತು.

ಏನು ಹೇಳಲಿ? ಎರಡು ಧಾರೆ. ಒಂದು ದಪ್ಪ, ಒಂದು ತೆಳು. ಬಿಳಿ ಎಂದು ಎಲ್ಲರೂ ಹೇಳಿದ್ದರು. ಬಿಳಿಯಲ್ಲ, ಹಾಲು ಕಡಿಮೆಯಾದ ಚಹಾದ ಬಣ್ಣ. ತುಕ್ಕು ಹಿಡಿದ ಕಬ್ಬಿಣದ ಕಂಬಿ, ಹಿಡಿದರೆ ಕೈ ಮರಗಟ್ಟುವಷ್ಟು ತಣ್ಣಗೆ. ಒಂದು ಒಣ ಬಂಡೆಯ ಮೇಲೆ ಕರಿ ನಾಯಿ ಮಲಗಿತ್ತು. ಬಂಡೆಗಳ ಸಂದಿಯಲ್ಲಿ ಯಾರದೋ ಒಂಟಿ ಚಪ್ಪಲಿ. ಸದ್ದು ಕಿವಿಯಲ್ಲಿ ಅಲ್ಲ, ಎದೆಯೊಳಗೇ ಬಡಿಯುತ್ತಿತ್ತು. "ಏಯ್!" ಎಂದು ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ನಾಯಿ ಕಣ್ಣು ಕೂಡ ಬಿಡಲಿಲ್ಲ.

ಗಾಳಿ ಬೀಸಿ ತೆಳು ಧಾರೆ ಪಕ್ಕಕ್ಕೆ ಸರಿಯಿತು. ಹಿಂದೆ ಬಂಡೆ. ಬರೀ ಕಪ್ಪು ಬಂಡೆ, ಗೋಡೆಯ ಹಾಗೆ. ಇಬ್ಬರು ನಿಲ್ಲುವುದಿರಲಿ, ಅಂಗೈ ಇಡುವಷ್ಟು ಸಂದಿಯಿಲ್ಲ. ದಪ್ಪ ಧಾರೆಯ ಪಕ್ಕಕ್ಕೆ ಹೋಗಿ ಬಗ್ಗಿ ನೋಡಿದೆ, ಪೂರ್ತಿ ತೊಯ್ದು ಹೋದೆ. ಅಲ್ಲೂ ಬಂಡೆಯೇ. ಹಾಗಾದರೆ ಅವಳು ಹೇಳಿದ್ದು ಸುಳ್ಳು. ನನ್ನದೇ ಸುಳ್ಳನ್ನು, ಕೊನೆಯ ಸಾಲಿನವರೆಗೆ, ನನಗೇ ವಾಪಸ್ ಹೇಳಿದ್ದಳು. ನನ್ನ ಮಾತು ಕೇಳಲು ಹೇಗಿರುತ್ತದೆ ಎಂದು ಅವತ್ತೇ ಗೊತ್ತಾಯಿತು. ಬಹಳ ಚೆನ್ನಾಗಿರುತ್ತದೆ, ಅದೇ ಸಂಕಟ.

ಎಷ್ಟು ಹೊತ್ತು ನಿಂತೆನೋ. ಗಡಿಯಾರ ನೋಡಿದರೆ ಐವತ್ತು ನಿಮಿಷವಾಗಿತ್ತು. ನಾನು ಪ್ರಯಾಣಿಕರಿಗೆ ಕೊಡುತ್ತಿದ್ದದ್ದು ಹತ್ತಿ ಇಳಿಯುವುದೂ ಸೇರಿ ಒಂದು ಗಂಟೆ.

ಹತ್ತುವಾಗ ಒಂದೇ ಯೋಚನೆ. ಅವಳೇ ಇದೆ ಎಂದಿದ್ದಾಳೆ. ನಾನೂ ಮೇಲೆ ಹೋಗಿ, "ಹೌದು, ಇದೆ" ಎಂದುಬಿಟ್ಟರೆ ಮುಗಿಯಿತು. ತಂಗಿ ಮನೆಯ ಮಾತೂ ಇಲ್ಲ, ಜಗಳವೂ ಇಲ್ಲ. ದಾರಿ ಬಿಟ್ಟುಕೊಟ್ಟಿದ್ದಾಳೆ, ಗಾಡಿ ಓಡಿಸಿಕೊಂಡು ಹೋಗುವುದಷ್ಟೇ ನನ್ನ ಕೆಲಸ. ನೂರು ಮೆಟ್ಟಿಲು ಹೀಗೆ ಅಂದುಕೊಂಡೆ. ಇನ್ನೊಂದು ನೂರು ಮೆಟ್ಟಿಲು, ಆಗಲಿ ಎಂದು ಗಟ್ಟಿ ಮಾಡಿಕೊಂಡೆ. ಮೇಲೆ ಬರುವಷ್ಟರಲ್ಲಿ ಉಸಿರು ಕಟ್ಟಿ ಬಾಯಿ ಬಿಡುತ್ತಿದ್ದೆ.

ಅವಳು ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಮುಖ ಕೆಂಪಾಗಿತ್ತು.

"ಎರಡು ಸಲ ಹಾರ್ನ್ ಹೊಡೆದೆ! ಆಮೇಲೆ ಇನ್ನೆರಡು ಸಲ. ಬಿದ್ದು ಗಿದ್ದು ಹೋದ್ರೇನೋ ಅಂತ ಜೀವ ಬಾಯಿಗೆ ಬಂದಿತ್ತು. ಕೇಳಿಸಲಿಲ್ವಾ?"

"ಅಲ್ಲಿ ಹಾರ್ನ್ ಕೇಳಿಸಲ್ಲ ಕಣೆ" ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು. ಇಪ್ಪತ್ತೇಳು ವರ್ಷ ಅವರೆಲ್ಲ ನಿಜವನ್ನೇ ಹೇಳಿದ್ದರು. ಎಷ್ಟು ಜನರನ್ನು ಬೈದಿದ್ದೆ, ವಯಸ್ಸಾದವರನ್ನೂ ಬಿಡದೆ.

"ಏನು ನೋಡಿದ್ರಿ?" ಎಂದಳು ಅವಳು.

ಅಮ್ಮ ಕೇಳುತ್ತಿದ್ದ ಪ್ರಶ್ನೆ. ಗಟ್ಟಿ ಮಾಡಿಕೊಂಡು ಬಂದದ್ದೆಲ್ಲ ಕರಗಿಹೋಯಿತು.

"ಆ ಜಾಗ ಇಲ್ಲ" ಎಂದೆ. "ಬರೀ ಬಂಡೆ. ಯಾವತ್ತೂ ಇರಲಿಲ್ಲ. ನಾನು ಇಳಿದೇ ಇರಲಿಲ್ಲ. ಅವತ್ತು ನೀನು ಅಳ್ತಾ ಕೂತಿದ್ದೆ, ನನ್ನ ಹತ್ರ ಕೊಡಕ್ಕೆ ಏನೂ ಇರಲಿಲ್ಲ. ಹೋಗೋದಾದ್ರೆ ಹೋಗು. ತಂಗಿ ಮನೆಗೆ ನಾನೇ ಬಿಟ್ಟು ಬರ್ತೀನಿ."

ಅವಳು ಸ್ಟಿಯರಿಂಗ್ ಬಿಟ್ಟು ಹಣೆ ಉಜ್ಜಿಕೊಂಡಳು.

"ಇದೆ ಅಂದಿದ್ರೆ ಹೋಗ್ತಿದ್ದೆ" ಎಂದಳು. "ಆಣೆಗೂ ಹೋಗ್ತಿದ್ದೆ. ನೀವು ಹತ್ತಿ ಬರುವಾಗ ಮುಖ ನೋಡಿ, ಇವರು ಇದೆ ಅಂತಲೇ ಅಂತಾರೆ ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡೆ" ಎಂದೆ.

ಅವಳು ಪಕ್ಕದ ಸೀಟಿಗೆ ಸರಿದು ಕೂತಳು. ಚೀಲದಿಂದ ಟವೆಲು ತೆಗೆದು ನನ್ನ ಕಡೆ ಎಸೆದಳು, ಕೊಡಲಿಲ್ಲ, ಎಸೆದಳು. ಸಿಟ್ಟು ಇಳಿದಿಲ್ಲ ಎಂದರ್ಥ. ಇಳಿಯಲು ತಿಂಗಳುಗಳೇ ಬೇಕಾಗಬಹುದು. ನಾನು ತಲೆ ಒರೆಸಿಕೊಂಡು ಕೂತೆ, ಗಾಡಿ ಶುರು ಮಾಡಿದೆ.

"ಮೊದಲಿಂದ ಹೇಳಿ" ಎಂದಳು. "ಒಂದೂ ಬಿಡದೆ."

"ಮೆಟ್ಟಿಲು ನಾನೂರ ಹನ್ನೆರಡು" ಎಂದೆ.

"ನಾನೂರ ಹತ್ತು" ಎಂದಳು. "ನಾನೂ ಎಣಿಸಿದೀನಿ."

"ಹನ್ನೆರಡು ಕಣೆ. ಕೆಳಗೆ ನಾಯಿ ಮಲಗಿತ್ತಲ್ಲ, ಅಲ್ಲಿ ಇನ್ನೆರಡು ಮೆಟ್ಟಿಲಿದೆ."

"ಕರಿ ನಾಯಿ" ಎಂದಳು ಅವಳು. "ಅದರ ಪಕ್ಕದ್ದು ಮೆಟ್ಟಿಲಲ್ಲ, ಕಲ್ಲು."

ಆ ಎರಡು ಮೆಟ್ಟಿಲಿನ ಜಗಳ ಹೆದ್ದಾರಿ ಸೇರುವವರೆಗೂ ನಡೆಯಿತು.